ಹಾಡುಗಾರನ ಕಿವಿಗೆ ಬಿಡದ ದನಿ

ಕೋವಿಡ್ ಕಳೆದು ಕಾಲೇಜುಗಳಲ್ಲಿ ಗ್ಯಾದರಿಂಗ್ ಎಂಬ ವಾರ್ಷಿಕೋತ್ಸವ ಮತ್ತೆ ಶುರುವಾದ ವರ್ಷ ನಾನು ಬಾಗಲಕೋಟೆಯಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸವೆಂದರೆ ಮೈದಾನದ ನಡುವೆ ಮಿಕ್ಸರ್ ಮುಂದೆ ಕೂತು ಯಾರ ದನಿ ಎಷ್ಟು ಕೇಳಬೇಕೆಂದು ನೋಡಿಕೊಳ್ಳುವುದು. ಆಗ ಬಾದಾಮಿಯಿಂದ ಹುನಗುಂದದವರೆಗೆ ಹುಡುಗರ ಬಾಯಲ್ಲಿ ಒಂದೇ ಹಾಡು, ಇಳಕಲ್ಲಿನ ಮಾಂತೇಶನ ರಾಕ್ ಬ್ಯಾಂಡಿನದು. ಗಿಟಾರ್ ಅಬ್ಬರಿಸಿ ನಿಂತ ಕೂಡಲೇ ಅವನು “ಮ್ಯಾಲ ಬಾರೋ” ಎಂದು ಕೂಗುತ್ತಿದ್ದ. ಮೈದಾನವಿಡೀ “ಬಂದೇ” ಎನ್ನುತ್ತಿತ್ತು. ಆ ಉತ್ತರ ಅವನು ಬರೆದದ್ದಲ್ಲ, ಮಂದಿಯೇ ಸೇರಿಸಿಕೊಂಡದ್ದು. ನನಗಂತೂ ಮೈ ಜುಂ ಎನ್ನುತ್ತಿತ್ತು.

ಹಾಡುವವರ ಕಿವಿಯಲ್ಲಿ ಇನ್-ಇಯರ್ ಮಾನಿಟರ್ ಎಂಬ ಪುಟ್ಟ ಸ್ಪೀಕರ್ ಇರುತ್ತದೆ. ಅದು ಹೊರಗಿನ ಸದ್ದನ್ನು ಮುಚ್ಚಿಬಿಡುತ್ತದೆ. ಮಂದಿಯ ಕೂಗು, ಚಪ್ಪಾಳೆ ಅವರಿಗೆ ಮುಟ್ಟಲೆಂದೇ ವೇದಿಕೆಯ ಅಂಚಿನಲ್ಲಿ ಬೇರೆ ಮೈಕ್ ಇಡುತ್ತೇವೆ. ಚಪ್ಪಾಳೆ ಬೇಡವೆಂದ ಹಾಡುಗಾರನನ್ನು ನಾನು ಕಂಡವನಲ್ಲ. ಮಾಂತೇಶ ಮಾತ್ರ, ನಾನು ಅವನ ಬ್ಯಾಂಡಿನ ಸೌಂಡ್ ನೋಡಿಕೊಳ್ಳಲು ಹೋದ ಮೊದಲ ದಿನವೇ ಹೇಳಿದ: “ಕಾಕಾ, ಮಂದಿ ದನಿ ನನ್ನ ಕಿವಿಗೆ ಬಿಡಬ್ಯಾಡ್ರಿ.”

“ಇಷ್ಟ ಲಗೂನ ಸೊಕ್ಕು ಬಂತೇನಲೇ?” ಎಂದು ಗದರಿದೆ. ಅವನು ನಗಲಿಲ್ಲ. ಅಮೀನಗಡದಲ್ಲಿ ಚಹಾಕ್ಕೆ ವ್ಯಾನ್ ನಿಲ್ಲಿಸಿದಾಗ ಕಾರಣ ಹೇಳಿದ.

ಅವನೂ ತಮ್ಮ ಸಂಗೂ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುತ್ತಿದ್ದರು. ಬಂಡೆಗೆ ಮದ್ದು ಸಿಡಿಸುವ ಮೊದಲು ಮೇಲೆ ನಿಂತವನು ಕೆಳಗಿನವರನ್ನು ಕೂಗಿ ಕರೆಯಬೇಕು. ಅವರು ಹತ್ತಿ ಬಂದ ಮೇಲೆ ಸೀಟಿ ಊದಬೇಕು; ಸೀಟಿ ಕೇಳಿದ ಕೂಡಲೇ ಮದ್ದು ಸಿಡಿಸುತ್ತಾರೆ. ನಿಯಮ ಹಾಗಿದ್ದರೂ ಮುಖ ನೋಡುವಷ್ಟು ತಾಳ್ಮೆ ಯಾರಿಗಿರುತ್ತದೆ? ದನಿ ಕೇಳಿದರೆ ಊದಿಬಿಡುವುದೇ ರೂಢಿಯಾಗಿತ್ತು.

“ನಾ ಕರದೆ. ಅಂವ ಬಂದೆ ಅಂದ. ನಾ ಸೀಟಿ ಊದಿದೆ, ಕಾಕಾ. ಅಂವ ಬರಲಿಲ್ಲ” ಎಂದ. “ಸೀಟಿ ಊದಿದಾಂವ ನಾನ ಅಂತ ನಮ್ಮವ್ವಗ ಗೊತ್ತಿಲ್ಲ. ಗೊತ್ತಾದ್ರ ಆಕಿ ಮುಂದ ಹೆಂಗ ನಿಂದರಲಿ?”

ಅಂದಿನಿಂದ ಮಂದಿಯ ಮೈಕನ್ನು ಅವನ ಕಿವಿಗೆ ಬಿಡಲಿಲ್ಲ.

ಇಳಕಲ್ಲಿನ ಕಾರ್ಯಕ್ರಮಕ್ಕೆ ತಾಯಿ ಗೌರವ್ವ ಮಗನಿಗೆ ತಿಳಿಸದೆ ಬಂದರು. ನೂಕುನುಗ್ಗಲೆಂದು ಯಾರೋ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿದರು. ವೇದಿಕೆಯಿಂದ ಅವರನ್ನು ಕಂಡದ್ದೇ ತಡ, ಮಾಂತೇಶನ ಮುಖ ಬಿಳಿಚಿತು. ಆ ಹಾಡೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಡಿದ. ಮಂದಿ ಬಿಡಬೇಕಲ್ಲ! ಕೊನೆಗೆ ಅದನ್ನೂ ಎತ್ತಿಕೊಳ್ಳಬೇಕಾಯಿತು.

“ಮ್ಯಾಲ ಬಾರೋ!”

“ಬಂದೇ!”

ಗೌರವ್ವ ನನ್ನ ತೋಳು ಹಿಡಿದರು. “ಇದನ್ನ ಕೇಳಾಕ ಬಂದೇನ್ರಿ. ಸಂಗೂನ್ನ ಕರ್ಯಾಕತ್ತಾನ. ಸೀಟಿ ಊದಿದಾಂವ ಇವನ ಅಂತ ನನಗ ಅವತ್ತ ಗೊತ್ತಾತು. ಊರಾಗ ಇಂಥಾದ್ದು ಮುಚ್ಚತೈತೇನ್ರಿ? ಇವನ ಹೇಳ್ಲಿ ಅಂತ ಕಾದೆ.”

ಹಾಡಿನ ನಡುವೆ ಇನ್ನೊಬ್ಬರ ಕೈಗೆ ಎಂದೂ ಕೊಡದ ಟಾಕ್‌ಬ್ಯಾಕ್ ಮೈಕನ್ನು ಅವರ ಕೈಗೆ ಕೊಟ್ಟೆ. ಅದರಲ್ಲಿ ಆಡಿದ್ದು ಹಾಡುಗಾರನ ಕಿವಿಗೆ ಮಾತ್ರ ಕೇಳುತ್ತದೆ. “ಅವಗ ಹೇಳ್ರಿ, ಯವ್ವಾ” ಎಂದೆ.

“ಮಾಂತೂ, ನಾ ನಿಮ್ಮವ್ವ. ನನಗ ಎಲ್ಲಾ ಗೊತ್ತೈತಿ. ಸಂಗೂ ಸಣ್ಣಾಂವ ಇದ್ದಾಗಿಂದ ಹಂಗ. ಉಣ್ಣಾಕ ಕರದ್ರ ಬಂದೆ ಅಂತಿದ್ದ, ರೊಟ್ಟಿ ಆರಿ ಹೋಗ್ತಿದ್ವು, ಬರತಿದ್ದಿಲ್ಲ. ನಿಂದೇನೂ ತಪ್ಪಿಲ್ಲೋ ಕೂಸ.”

ಮಾಂತೇಶ ಹಾಡು ನಿಲ್ಲಿಸಿದ. ಡ್ರಮ್ ನಿಂತಿತು. ಅವನು ಎರಡೂ ಕಿವಿಯ ಮಾನಿಟರ್ ಕಿತ್ತೆಸೆದು, ಮೊದಲ ಸಲ ಹೆಸರು ಹಿಡಿದು ಕೂಗಿದ: “ಸಂಗೂ, ಮ್ಯಾಲ ಬಾರೋ!” ಹುಡುಗರಿಗೇನು ಗೊತ್ತು, ಹಬ್ಬದಂತೆ “ಬಂದೇ” ಎಂದರು. ಅವನು ಮತ್ತೆ ಕೂಗಿದ, ಮತ್ತೆ ಮತ್ತೆ ಕೂಗಿದ. ಅದು ಹಾಡಾಗಿರಲಿಲ್ಲ. ದನಿ ಒಡೆದು ಬರೀ ಉಸಿರು ಬರುತ್ತಿತ್ತು.

“ಬಂದ್ ಮಾಡ್ರಿ, ಇದ್ದೊಬ್ಬ ಮಗನೂ ಹೋಗ್ತಾನ” ಎಂದು ಗೌರವ್ವ ಚೀರಿದರು. ನಾನು ಅವನ ಮೈಕ್ ಬಂದ್ ಮಾಡಿದೆ. ಅವನ ಬಾಯಿ ಮಾತ್ರ ತೆರೆಯುತ್ತಲೇ ಇತ್ತು. ಗೌರವ್ವ ಸೆರಗು ಸಿಕ್ಕಿಸಿಕೊಂಡು, ಕುಣಿಯುತ್ತಿದ್ದ ಹುಡುಗರನ್ನು ಎರಡೂ ಕೈಯಿಂದ ತಳ್ಳುತ್ತ ವೇದಿಕೆಯತ್ತ ನುಗ್ಗಿದರು.

ದನಿ ಮುಟ್ಟಿಸಿದರೆ ನನ್ನ ಕೆಲಸ ಮುಗಿಯಿತೆಂದು ಅಲ್ಲಿಯವರೆಗೆ ತಿಳಿದಿದ್ದೆ. ಮನುಷ್ಯರೇ ಎದ್ದು ಹೋಗಿ ಮುಟ್ಟಬೇಕಾದ ಹೊತ್ತೂ ಇರುತ್ತದೆಂದು ಈ ಕಸುಬು ನನಗೆ ಆ ಸಂಜೆ ಕಲಿಸಿತು. ಮಿಕ್ಸರನ್ನು ಹಾಗೆಯೇ ಬಿಟ್ಟು ನಾನೂ ಅವರ ಹಿಂದೆ ಓಡಿದೆ.