ಇಳಿಜಾರಿನ ಬುಡದಲ್ಲಿ ನಾನು ಎಳೆಸಿದ ಗೆರೆ

ನಮ್ಮೂರ ಹಳ್ಳದ ಸೇತುವೆಯ ಮೇಲೆ ಯಾರು ಮೊದಲು ಹೋಗಬೇಕು, ಯಾರು ನಿಲ್ಲಬೇಕು ಎಂದು ತೀರ್ಮಾನ ಮಾಡಿದವಳು ನಾನು. ಹೀಗೆ ಹೇಳಿದರೆ ಯಾರೋ ದೊಡ್ಡ ಅಧಿಕಾರಿ ಅನ್ನಿಸೀತು. ಹಾಗೇನಿಲ್ಲ. ಹಳಿಯಾಳದ ಕಚೇರಿಯೊಂದರಲ್ಲಿ ಕಿರಿಯ ಎಂಜಿನಿಯರ್. ಅಳೆದು, ನಕ್ಷೆ ಬರೆದು, ಸಹಿಗೆ ಕಳಿಸುವುದು ನನ್ನ ಕೆಲಸ. ಮೇಲಿನವರು ಯಾವ ನಕ್ಷೆಯನ್ನೂ ತಿದ್ದದೆ ಬಿಟ್ಟವರಲ್ಲ. ಈ ಒಂದನ್ನು ಮಾತ್ರ ಬಿಟ್ಟರು. ಹಾಗಾಗಿ ತಪ್ಪನ್ನು ಹಂಚಿಕೊಳ್ಳಲು ನನಗೆ ಯಾರೂ ಸಿಗಲಿಲ್ಲ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ಊರಿಗೆ ತಿರುಗಿದ ಕೂಡಲೇ ಸೇತುವೆ. ಅದನ್ನು ದಾಟಿದರೆ ದಿಬ್ಬ, ದಿಬ್ಬದ ಮೇಲೆ ಊರು. ಒಂದು ಬಸ್ಸು ಹೊಕ್ಕರೆ ಪಕ್ಕದಲ್ಲಿ ಸೈಕಲ್ಲಿಗೂ ಜಾಗವಿಲ್ಲ. ನನ್ನ ಕಾಕಾನ ಮನೆ ಊರಲ್ಲಿ, ಹೊಲ ಹಳ್ಳದಾಚೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಈ ಕಾಕಾ. ಅವನಿಗೆ ಒಂದು ಚಕ್ಕಡಿ, ಒಂದು ಜೋಡಿ ಎತ್ತು. ಆ ಚಕ್ಕಡಿ ಹೊಲ ಮುಟ್ಟಲು ಈ ಸೇತುವೆ ಬಿಟ್ಟು ಬೇರೆ ದಾರಿಯಿರಲಿಲ್ಲ.

ಮೊದಲು ಅಲ್ಲಿ ಯಾವ ಬೋರ್ಡೂ ಇರಲಿಲ್ಲ, ಪದ್ಧತಿ ಇತ್ತು. ಹೇರಿದ ಚಕ್ಕಡಿಯವರು ದಿಬ್ಬ ಇಳಿಯುವ ಮೊದಲು ಮೇಲಿಂದಲೇ "ಹೋ... ಬಂತರೀ" ಎಂದು ಕೂಗುತ್ತಿದ್ದರು, ಆಚೆ ಕಡೆಯವರು ನಿಲ್ಲುತ್ತಿದ್ದರು. ಭಾರ ಹೇರಿದ ಚಕ್ಕಡಿಯನ್ನು ಇಳಿಜಾರಿನಲ್ಲಿ ತಡೆಯುವುದು ಎತ್ತುಗಳ ಕೊರಳು. ಅದಕ್ಕೆ ಬೇರೆ ಬ್ರೇಕ್ ಇಲ್ಲ. ಆದರೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಬರತೊಡಗಿದ ಮೇಲೆ ಕೂಗು ಯಾರ ಕಿವಿಗೂ ಬೀಳದಾಯಿತು. ಒಮ್ಮೆ ಟ್ರ್ಯಾಕ್ಟರ್ ಮತ್ತು ಬಸ್ಸು ಸೇತುವೆಯ ನಡುವೆ ಎದುರುಬದುರಾಗಿ ಇಬ್ಬರೂ ಹಿಂದೆ ಸರಿಯಲೊಲ್ಲದೆ ನಿಂತರು. ದಾಂಡೇಲಿಗೆ ಕೆಲಸಕ್ಕೆ ಹೊರಟವರು ಮಧ್ಯಾಹ್ನದವರೆಗೆ ಬೈಕಿನ ಮೇಲೆ ಕುಳಿತು ಇಬ್ಬರಿಗೂ ಬೈದರು. ಅದಾದ ಮೇಲೆ ಕಚೇರಿಗೆ ಅರ್ಜಿ ಬಂತು, ಅರ್ಜಿ ನನ್ನ ಟೇಬಲ್ಲಿಗೆ ಬಂತು.

ನಕ್ಷೆಗೆ ಮೊದಲು ಎಣಿಕೆ ಆಗಬೇಕು. ಬೆಳಗಿನಿಂದ ಸಂಜೆಯವರೆಗೆ ಏನೇನು ದಾಟುತ್ತದೆ ಎಂದು ಹಾಳೆಯಲ್ಲಿ ಗೀಟು ಹಾಕುವ ಕೆಲಸ. ಜನ ಕೊಡಿ ಎಂದು ಕೇಳಿದ್ದಕ್ಕೆ ಮೇಲಿನವರು, "ನಿಮ್ಮೂರ ಅಲ್ಲೇನ್ರಿ, ನೀವ ನೋಡ್ಕೋರಿ" ಅಂದರು. ಕಾಕಾನಿಗೆ ಫೋನು ಮಾಡಿದೆ.

"ಸೋಮವಾರ ಬಾ ಯವ್ವಾ. ಅವತ್ತ ನಾ ಖಾಲಿ ಇರ್ತೇನಿ" ಅಂದ.

ಸೋಮವಾರ ಹೋದೆ. ಕಾಕಾ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಮದುವೆಗೆ ಹೊರಟವನ ಹಾಗೆ ಬಿಳಿ ಧೋತರ ಉಟ್ಟು ಸೇತುವೆಯ ಹತ್ತಿರ ನನಗಿಂತ ಮೊದಲೇ ಬಂದು ಕುಳಿತಿದ್ದ. ಪೆನ್ನು ತಾನೇ ತೆಗೆದುಕೊಂಡ. "ಹಾಲಿನ ಗಾಡಿ ಯಾವ ಮನ್ಯಾಗ ಹಾಕ್ಲಿ?" ಎಂದು ಹಾಳೆಯ ಚೌಕಗಳನ್ನು ತೋರಿಸಿ ಕೇಳುತ್ತಿದ್ದ. ದಾಟುವವರಿಗೆಲ್ಲ "ಸರಕಾರದ ಕೆಲಸ ನಡದೈತಿ" ಎಂದು ಗತ್ತಿನಿಂದ ಹೇಳುತ್ತಿದ್ದ. ನಾನು ನಕ್ಕೆ. ಸಂಜೆ ನೋಡಿದರೆ ಬೈಕು, ಬಸ್ಸು, ಟ್ರ್ಯಾಕ್ಟರ್, ನಡೆದುಹೋಗುವವರು, ಎಲ್ಲ ಚೌಕಗಳೂ ತುಂಬಿದ್ದವು. ಎತ್ತಿನ ಗಾಡಿಯ ಚೌಕ ಖಾಲಿ ಇತ್ತು. ಅಲ್ಲಿ ಸೊನ್ನೆ ಬರೆದು ಸಹಿ ಹಾಕಿದೆ. ಕಾಕಾನ ಸಹಿಯನ್ನೂ ಮಾಡಿಸಿದೆ.

ಉಳಿದದ್ದು ಸರಳವಾಗಿತ್ತು. ಊರಿಗೆ ಬರುವ ವಾಹನಗಳನ್ನು ನಿಲ್ಲಿಸಿದರೆ ಸಾಲು ದೊಡ್ಡ ರಸ್ತೆಯವರೆಗೆ ಬೆಳೆಯುತ್ತದೆ, ಅಪಘಾತವಾಗುತ್ತದೆ. ಆದ್ದರಿಂದ ಅವರಿಗೆ ಮೊದಲ ಹಕ್ಕು. ಊರಿನಿಂದ ಇಳಿಯುವವರು ನಿಲ್ಲಬೇಕು. ನಿಲ್ಲುವ ಗೆರೆ ಇಳಿಜಾರಿನ ಬುಡದಲ್ಲಿ, ಸೇತುವೆಗೆ ಹತ್ತಿರ. ನಿಂತವರಿಗೆ ಸೇತುವೆ ಪೂರ್ತಿ ಕಾಣುತ್ತದೆ, ಖಾಲಿಯಾದ ಕೂಡಲೇ ದಾಟಬಹುದು.

ಗ್ರಾಮಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಹೇರಿದ ಚಕ್ಕಡಿ ಇಳಕಲದಾಗ ಹೆಂಗ ನಿಲ್ಲಬೇಕ್ರಿ? ಗೆರಿ ಮ್ಯಾಲ ದಿಬ್ಬದಾಗ ಹಾಕ್ರಿ" ಅಂದರು. ನನಗೆ ಸಿಟ್ಟು ಬಂತು. ನನ್ನ ಊರಿನವರೇ ನನಗೆ ಅಡ್ಡ ಮಾತಾಡುತ್ತಾರಲ್ಲ ಎಂಬ ಸಿಟ್ಟು. ಹಾಳೆ ಎತ್ತಿ ಹಿಡಿದು, "ಅಪರೂಪಕ್ಕೊಂದು ಬರೋ ಚಕ್ಕಡಿ ಸಲುವಾಗಿ ಗೆರಿ ಒಯ್ಯಾಕ ಬರೂದಿಲ್ರಿ. ಎಣಿಕ್ಯಾಗ ಒಂದೂ ಇಲ್ಲ, ನೋಡ್ರಿ" ಅಂದೆ. ಅವರು ಮತ್ತೇನೋ ಹೇಳುವಷ್ಟರಲ್ಲಿ ಕಾಕಾ ಎದ್ದು ನಿಂತ.

"ನನ್ನ ಎತ್ತ ನಾ ಹೇಳಿದಲ್ಲಿ ನಿಲ್ತಾವು. ನಮ್ಮ ಹುಡುಗಿ ಓದಿ ಮಾಡ್ಯಾಳ, ಸುಮ್ಮ ಕೈ ಎತ್ರಿ."

ಕೈಗಳು ಎದ್ದವು. ಬಿಳಿ ಗೆರೆ ಬಿತ್ತು, ಬೋರ್ಡು ನಿಂತಿತು.

ಹೊಲಕ್ಕೆ ಗೊಬ್ಬರ ಹೇರುವ ದಿನಗಳು ಬಂದವು. ಒಂದು ಬೆಳಿಗ್ಗೆ ನಾನು ಜೋಯಿಡಾದ ಕಡೆ ಬೇರೆ ಕೆಲಸದ ಮೇಲಿದ್ದೆ. ಕಾಕಾನ ಹೆಂಡತಿ, ನನ್ನ ಚಿಗವ್ವ, ಫೋನು ಮಾಡಿದಳು. ಅಳು ಮಾತ್ರ ಕೇಳುತ್ತಿತ್ತು. ಕಾಕಾನಿಗೇ ಏನೋ ಆಗಿದೆ ಅಂದುಕೊಂಡು ಕೆಲಸ ಅಲ್ಲಿಗೇ ಬಿಟ್ಟು ಹೊರಟೆ.

ಕಾಕಾ ಬದುಕಿದ್ದ. ತಿಪ್ಪೆಗೊಬ್ಬರ ಹೇರಿಕೊಂಡು ದಿಬ್ಬ ಇಳಿಯುವಾಗ ಎದುರಿನಿಂದ ಟ್ರ್ಯಾಕ್ಟರ್ ಸೇತುವೆ ಹತ್ತಿತ್ತು. ಮೊದಲಾಗಿದ್ದರೆ ಮೇಲಿಂದ ಕೂಗುತ್ತಿದ್ದ. ಬೋರ್ಡು ಬಂದ ಮೇಲೆ ಕೂಗುವುದನ್ನು ಬಿಟ್ಟಿದ್ದ. ಗೆರೆಯ ಹತ್ತಿರ ನಿಲ್ಲಲೇಬೇಕೆಂದು ಹಗ್ಗ ಜಗ್ಗಿದ. ಎತ್ತುಗಳು ಹೇಳಿದಲ್ಲಿ ನಿಂತವು. ಹಿಂದಿನ ಭಾರ ನಿಲ್ಲಲಿಲ್ಲ. ಬಲಗಡೆಯ ಎತ್ತು ಮೊಣಕಾಲೂರಿ ಬಿತ್ತು, ನೊಗ ಅದರ ಮೇಲೆ ಬಿತ್ತು. ಟ್ರ್ಯಾಕ್ಟರಿನವನೇ ಓಡಿ ಬಂದು ಹಗ್ಗ ಕೊಯ್ದ. ದನದ ಡಾಕ್ಟರು ಮುಂಗಾಲು ನೋಡಿ, ಜೀವಕ್ಕೆ ಭಯವಿಲ್ಲ, ಇನ್ನು ನೊಗಕ್ಕೆ ಬರುವುದಿಲ್ಲ ಅಂದರು.

ನಾನು ಮುಟ್ಟುವ ಹೊತ್ತಿಗೆ ಕಾಕಾ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. "ಗೆರಿ ದಾಟಿ ಬರಬೇಕಿತ್ತಲ್ಲೋ ಕಾಕಾ! ದಾಟಿದ್ರ ಏನಾಗ್ತಿತ್ತು?" ಎಂದು ಅವನ ಮೇಲೆಯೇ ಹರಿಹಾಯ್ದೆ. ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.

"ನೀ ಹಾಕಿದ್ದಲ್ಲೇನ ಯವ್ವಾ ಗೆರಿ" ಅಂದ. "ನಾನ ದಾಟಿದ್ರ ಊರಾಗ ಮತ್ಯಾರ ನಿಲ್ತಿದ್ರು?"

ಮರುದಿನ ಕಚೇರಿಯಲ್ಲಿ ಕಡತ ತೆಗೆದೆ. ಎತ್ತಿನ ಗಾಡಿಯ ಚೌಕದಲ್ಲಿ ನನ್ನ ಸೊನ್ನೆ. ನಮ್ಮೂರಲ್ಲಿ ಇನ್ನೂ ಇಷ್ಟೊಂದು ಚಕ್ಕಡಿ ಇರುವಾಗ ಇದು ಹೇಗೆ ಸೊನ್ನೆಯಾಯಿತು? ಮೇಲೆ ವಾರ ಬರೆದಿತ್ತು: ಸೋಮವಾರ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತಿಗೆ ನೊಗವಿಲ್ಲ. ಅದಕ್ಕೇ ಅಲ್ಲವೇ ಕಾಕಾ ಖಾಲಿ ಇದ್ದದ್ದು! ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಗೊತ್ತಿದ್ದದ್ದಕ್ಕೇ ಖಾಲಿ ಚೌಕ ನಮ್ಮಿಬ್ಬರ ಕಣ್ಣಿಗೂ ವಿಚಿತ್ರ ಅನ್ನಿಸಲಿಲ್ಲ. ಬೇರೆ ಸೀಮೆಯ ಎಂಜಿನಿಯರ್ ಆಗಿದ್ದರೆ ಯಾವುದೋ ಮಂಗಳವಾರ ಬಂದು ಸರಿಯಾಗಿ ಎಣಿಸಿಕೊಂಡು ಹೋಗುತ್ತಿದ್ದ.

ಮೇಲಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಗೆರೆಯನ್ನು ದಿಬ್ಬದ ಮೇಲಿನ ಸಮತಟ್ಟಿಗೆ ಒಯ್ಯಬೇಕು ಅಂದೆ. ಅವರು ಬೈದು, ಹೊಸ ಎಣಿಕೆ ಇಲ್ಲದೆ ಆಗುವುದಿಲ್ಲ ಅಂದರು.

ಗುರುವಾರ ಎಣಿಕೆಗೆ ಕುಳಿತೆ. ಕಾಕಾನನ್ನು ಕರೆದಿರಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯಲಿ? ಅವನೇ ಬಂದ. ಕೆಲಸದ ದಿನ, ಅವನಿಗೆ ಕೆಲಸವಿರಲಿಲ್ಲ. ಒಂಟಿ ಎತ್ತಿನಿಂದ ಚಕ್ಕಡಿ ಹೊರಡುವುದಿಲ್ಲ. ಸೋಮವಾರದ ಮಾತು ಹೇಳಿ, ತಪ್ಪಾಯಿತು ಕಾಕಾ ಅಂದೆ. ಅವನು ನನ್ನ ಪಕ್ಕದಲ್ಲಿ ಕುಳಿತ. "ನನಗರ ಎಲ್ಲಿ ಹೊಳೀತು? ನಾನ ಕುಂತು ಬರದೀನಿ" ಅಂದು ಪೆನ್ನಿಗೆ ಕೈ ಚಾಚಿದ.

ಚಕ್ಕಡಿಗಳು ಒಂದರ ಹಿಂದೊಂದು ಇಳಿದವು, ಎಲ್ಲವೂ ಗೊಬ್ಬರ ಹೇರಿದವು. ಪ್ರತಿಯೊಂದಕ್ಕೂ ಅವನು ಎತ್ತುಗಳನ್ನು ನೋಡಿ, ಆಮೇಲೆ ಗೀಟು ಹಾಕಿದ. ಬಿಸಿಲೇರಿದಾಗ ಪೆನ್ನು ಹಾಳೆಯ ಮೇಲೆ ಇಟ್ಟವನು ಎತ್ತಲಿಲ್ಲ.

"ಇಷ್ಟೊತ್ತಿಗೆ ನಂದೂ ಎರಡ ಸರ್ತಿ ಬಂದು ಹೋಗ್ತಿತ್ತು" ಅಂದ. "ನಂದೂ ಹಾಕ್ಲೇನ?"

"ಹಾಕು ಕಾಕಾ" ಅಂದೆ.

ಅವನು ಚೌಕ ನೋಡಿದ, ನನ್ನನ್ನು ನೋಡಿದ, ಪೆನ್ನನ್ನು ನನ್ನ ಕೈಗೆ ಕೊಟ್ಟ.

"ಬ್ಯಾಡ ಬಿಡು. ಅವತ್ತ ಇದ್ದದ್ದು ಬಿಟ್ವಿ. ಇವತ್ತ ಇಲ್ಲದ್ದ ಬರದ್ರ, ನಿನ್ನ ಲೆಕ್ಕ ಮತ್ತ ತಪ್ಪತೈತಿ."