ಡಬ್ಬಿಯಲ್ಲಿ ಬಂದ ಬೇಸಿಗೆ

ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂದು ಪಕ್ಕದ ಮನೆಯ ಐರಿಷ್ ಅಜ್ಜನಿಗೆ ಹೇಳಿಕೊಟ್ಟವಳು ನಾನೇ. ಅನುಭವಿಸಿದವಳೂ ನಾನೇ.

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ ಅದು ಲಾಕ್‌ಡೌನ್‌ನ ಮೊದಲ ವರ್ಷ. ಎಪ್ಪತ್ತು ದಾಟಿದವರು ಮನೆಯಲ್ಲೇ ಇರಬೇಕೆಂದು ಸರ್ಕಾರ ಹೇಳಿತ್ತು. ಅಜ್ಜ ಒಂಟಿ. ಪಾಪ ಅನ್ನಿಸಿ ದಿನಾ ಒಂದು ಡಬ್ಬಿ ಉಪ್ಪಿಟ್ಟು ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದೆ. ಊರಿಗೆ ಹೋದ ನನ್ನ ಗಂಡ ವಿಮಾನ ನಿಂತು ಮೈಸೂರಿನಲ್ಲೇ ಸಿಕ್ಕಿಕೊಂಡಿದ್ದ. ಜ್ವರ ಬಂದರೆ ಒಂದು ಲೋಟ ನೀರು ಕೊಡುವವರಿಲ್ಲ ಎಂದು ನನಗೆ ಒಳಗೊಳಗೇ ಪುಕಪುಕ. ಕೆಮ್ಮು ಬಂದರೆ ಯಾರಿಗೂ ಕೇಳಿಸದಿರಲೆಂದು ಓಡಿಹೋಗಿ ಕಿಟಕಿ ಮುಚ್ಚುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅಜ್ಜನಿಗೆ ಮೊಟ್ಟೆ ಬೇಯಿಸುವುದು ಬಿಟ್ಟರೆ ಬೇರೆ ಅಡುಗೆ ಬಾರದು. ಹಾಗಾಗಿ ಡಬ್ಬಿಯಲ್ಲಿ ಚೀಟಿ ಬರತೊಡಗಿತು. 1816ರಲ್ಲಿ ಈ ಸೀಮೆಯಲ್ಲಿ ನಡೆದದ್ದನ್ನೆಲ್ಲ ಬರೆದಿಟ್ಟ ಹಳೆಯ ಪುಸ್ತಕವೊಂದು ಅವರ ಬಳಿ ಇತ್ತಂತೆ. ಜೂನ್: ಬಿಸಿಲಿಗೆ ಬೆಣ್ಣೆ ಮಾರುವವಳ ಬುಟ್ಟಿಯಲ್ಲಿದ್ದ ಬೆಣ್ಣೆಯೆಲ್ಲ ಕರಗಿ, ಊರ ನಾಯಿಗಳೆಲ್ಲ ಅವಳ ಹಿಂದೆ ಮೆರವಣಿಗೆ ಹೊರಟವು. ಜುಲೈ: ಮದುವೆ ದಿಬ್ಬಣ ಪಿಟೀಲಿನವನನ್ನೇ ಮರೆತು ಬಂದಾಗ, ಮದುಮಗ ಶಿಳ್ಳೆ ಹೊಡೆದು ಎಲ್ಲರನ್ನೂ ಕುಣಿಸಿದ. ಕೊನೆಯಲ್ಲಿ ತಪ್ಪದೆ ಒಂದು ಸಾಲು, 'ಉಪ್ಪಿಟ್ಟು ಗ್ರ್ಯಾಂಡ್.'

ಫೋನಿನಲ್ಲಿ ಓದಿ ಹೇಳಿದರೆ ಗಂಡ, "ಪಾಪ, ಆ ಅಜ್ಜಂಗೆ ನೀನೇ ದಿಕ್ಕು ಕಣೇ" ಅನ್ನುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ.

ಒಂದು ಶನಿವಾರ ಸುಮ್ಮನೆ ಇಂಟರ್ನೆಟ್ಟಿನಲ್ಲಿ ಆ ವರ್ಷವನ್ನು ಹುಡುಕಿದೆ. ಆ ವರ್ಷ ಬೇಸಿಗೆಯೇ ಬಂದಿರಲಿಲ್ಲ! ಮಳೆ ಬಿಡದೆ ಸುರಿದು ಪೈರು ಕೊಳೆತಿತ್ತು, ಹಸಿವಿನ ಬೆನ್ನಿಗೇ ಜ್ವರ ಮನೆಮನೆ ಹೊಕ್ಕಿತ್ತು.

ನನಗೆ ರೇಗಿತು. ಗೋಡೆಯ ಬಳಿ ಹೋಗಿ ನನ್ನ ಮೈಸೂರು ಇಂಗ್ಲಿಷಿನಲ್ಲೇ ಜಗಳ ತೆಗೆದೆ. "ಏನಜ್ಜಾ, ಬಿಸಿಲೇ ಇಲ್ದೆ ಬೆಣ್ಣೆ ಹೇಗೆ ಕರಗ್ತು?"

ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಜೂನ್‌ನಿಂದ್ಲೇ ಪುಸ್ತಕದಲ್ಲಿ ಬರೀ ಮಳೆ, ಹಸಿವು, ಜ್ವರ. ನೀನು ಕೆಮ್ಮು ಬಂದಾಗ್ಲೆಲ್ಲ ಕಿಟಕಿ ಮುಚ್ಚೋದು ನೋಡಿದ್ದೆ. ಅದನ್ನೆಲ್ಲ ನಿನ್ನ ಡಬ್ಬೀಲಿ ಹೇಗೆ ಕಳಿಸ್ಲಿ?"

ನಾಚಿಕೆಯೂ ಆಯಿತು, ಅಳುವೂ ಬಂತು. ಅಳು ಮುಚ್ಚಿಕೊಳ್ಳಲು ಕೇಳಿದೆ, "ಹಾಗಾದ್ರೆ ನನ್ನ ಉಪ್ಪಿಟ್ಟು ಗ್ರ್ಯಾಂಡ್ ಅಂತ ಬರೀತಿದ್ರಲ್ಲ, ಅದು?"

"ಅದೂ ಆ ಬೆಣ್ಣೆ ಹಾಗೇ," ಅಂದರು ಅಜ್ಜ.

ಮರುದಿನವೂ ಉಪ್ಪಿಟ್ಟೇ ಕಳಿಸಿದೆ. ಜೊತೆಗೆ ನನ್ನದೂ ಒಂದು ಚೀಟಿ ಇಟ್ಟೆ: 'ಆಗಸ್ಟ್‌ನಲ್ಲಿ ಏನಾಯಿತು? ಬೇಗ ಬರೆಯಿರಿ.'