ಎತ್ತಬಾರದ ಫೋನು

ದೇರೆಬೈಲಿನ ನಮ್ಮ ಹೋಮ್ ನರ್ಸಿಂಗ್ ಆಫೀಸಿನ ಫೋನುಗಳನ್ನು ಈಗ ಒಂದು ಕಂಪನಿ ದೂರದ ಲಿನಕ್ಸ್ ಸರ್ವರ್ ಎಂಬ ಕಂಪ್ಯೂಟರಿನಿಂದ ನಡೆಸುತ್ತದೆ. ಅದು ಶುರುವಾದ ದಿನ, ನಾವು ನೋಡಿಕೊಳ್ಳುವ ಕುದ್ರೋಳಿಯ ಮೈಮುನಮ್ಮನ ಮಿಸ್ಡ್ ಕಾಲ್ ಬರಲಿಲ್ಲ. ಒಂಟಿಯಾಗಿರುವ ಅವರು ಕ್ಷೇಮವಾಗಿ ಎದ್ದ ಗುರುತಿಗೆ ದಿನಾ ಒಂದು ರಿಂಗ್ ಕೊಡುತ್ತಾರೆ. ಗಾಬರಿಯಿಂದ ರಿಕ್ಷಾ ಹಿಡಿದು ಹೋದೆ.

ಅವರು ಚಾ ಕುಡಿಯುತ್ತಿದ್ದರು. "ನಾನು ರಿಂಗ್ ಕೊಟ್ಟಿದ್ದೇನೆ ಮಾರಾಯ್ತಿ! ಯಾರೋ ಹೆಂಗಸು ಕೂಡಲೇ ಎತ್ತಿ ಒಂದು ಒತ್ತಿ, ಎರಡು ಒತ್ತಿ ಅಂದಳು. ಎಂತ ಒತ್ತುವುದು?"

ಅದು ಸರ್ವರಿನ ರೆಕಾರ್ಡ್ ಮಾಡಿದ ದನಿ. ಇವರ ಕಾಲನ್ನು ಎತ್ತದಂತೆ ಮಾಡಿ ಎಂದು ಕಂಪನಿಯ ಇಂಜಿನಿಯರಿಗೆ ಹೇಳಿದೆ. "ಅಮ್ಮಾ, ಒಂದು ಕಾಲೂ ತಪ್ಪಬಾರದು ಅಂತ ಎಲ್ಲರೂ ಜಗಳ ಮಾಡ್ತಾರೆ. ನೀವು ಎತ್ತಬೇಡಿ ಅಂತೀರಲ್ಲ!" ಎಂದು ನಕ್ಕು, ಮೈಮುನಮ್ಮನ ನಂಬರಿಗೆ ಮಾತ್ರ ಸರ್ವರ್ ಸುಮ್ಮನಿರುವಂತೆ ಮಾಡಿದರು.

ಈಗ ನಾನೂ ಹುಟ್ಟೂರು ಬೀದರಿನಲ್ಲಿರುವ ತಂಗಿಗೆ ದಿನಾ ಒಂದು ರಿಂಗ್ ಕೊಡುತ್ತೇನೆ. ಎತ್ತಬೇಡ ಎಂದರೂ ಎತ್ತಿ ಅರ್ಧ ಗಂಟೆ ಮಾತಾಡುತ್ತಾಳೆ. ಅವಳಿಗೆ ಯಾವ ಸೆಟ್ಟಿಂಗೂ ಇಲ್ಲ.